ದನಿಗೆ ಸೇರಿದವರು

ಅಂಬುಜಾಕ್ಷಮ್ಮನ ಮನೆಯ ಕೇಸಿನಲ್ಲಿ ನಾನು ಸೋತೆ. ಇಷ್ಟು ವರ್ಷದ ವಕೀಲಿಕೆಯಲ್ಲಿ ಬೇಕಾದಷ್ಟು ಸಲ ಸೋತಿದ್ದೇನೆ, ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಆದರೆ ಕಾಯ್ದೆಯೇ ಅಲ್ಲದ ಒಂದು ಕಾಗದದ ಎದುರು ಸೋತದ್ದು ಅದೊಂದೇ ಸಲ. ನ್ಯಾಯಾಧೀಶೆ ಮಾಡಿದ್ದು ಸರಿಯೋ ತಪ್ಪೋ ಅಂತ ಈಗಲೂ ಕೋರ್ಟಿನ ಕ್ಯಾಂಟೀನಿನಲ್ಲಿ ಜಬ್ಬಾರ್ ಸಾಹೇಬರ ಜೊತೆ ಜಗಳ ಕಾಯುತ್ತೇನೆ. ಅವರು ಗೆದ್ದ ಕಡೆಯ ವಕೀಲರು. ಗೆದ್ದವರಾದ್ದರಿಂದ ಚಹಾ ಅವರೇ ಕುಡಿಸುತ್ತಾರೆ.

ನಮ್ಮೂರಿನಲ್ಲಿ ಸತ್ತವರ ದನಿ ಅವರ ಮನೆಯಲ್ಲಿ ಉಳಿಯುತ್ತದೆ. ಪೂರ್ತಿ ಮಾತುಕತೆ ಏನಲ್ಲ, ಬದುಕಿದ್ದಾಗ ಮತ್ತೆ ಮತ್ತೆ ಆಡುತ್ತಿದ್ದ ಒಂದೋ ಎರಡೋ ಮಾತು, ಅಷ್ಟೇ. ನಮ್ಮಪ್ಪ ಹೋದ ಮೇಲೂ ಊಟದ ಹೊತ್ತಿಗೆ 'ಉಪ್ಪು ಯಾರು ಹಾಕಿದ್ದು?' ಎನ್ನುತ್ತಿದ್ದರು. ನಮ್ಮಮ್ಮ 'ನಾನೇ, ಉಣ್ಣಿ ಸುಮ್ನೆ' ಎನ್ನುತ್ತಿದ್ದಳು, ಅವರು ಸುಮ್ಮನಾಗುತ್ತಿದ್ದರು. ಹೀಗೆ ಉತ್ತರ ಸಿಕ್ಕ ದನಿ ದಿನ ಕಳೆದಂತೆ ಸವೆಯುತ್ತದೆ, ಕೆಲವು ವರ್ಷಕ್ಕೆ ನಿಂತೇ ಹೋಗುತ್ತದೆ. ಉತ್ತರ ಸಿಗದಿದ್ದರೆ ಸವೆಯುವುದಿಲ್ಲ, ಜೋರಾಗುತ್ತದೆ. ಕೋಟೆ ಬೀದಿಯ ಪಟೇಲರ ಮನೆ ಬೀಗ ಹಾಕಿ ಎಷ್ಟು ಕಾಲವಾಯಿತೋ, ಪಟೇಲರು ನಮ್ಮ ತಾತನ ಕಾಲದಿಂದ 'ಕುದುರೆಗೆ ಹುಲ್ಲು ಹಾಕಿದ್ರೇನ್ರೋ?' ಎಂದು ಕೂಗುತ್ತಲೇ ಇದ್ದಾರೆ. ದಾರಿಯಲ್ಲಿ ಹೋಗುವವರು 'ಹಾಕಿದ್ವಿ' ಎಂದರೆ ಪಟೇಲರು ಒಪ್ಪುವುದಿಲ್ಲ. ದನಿಗೆ ತನ್ನವರೇ ಉತ್ತರ ಕೊಡಬೇಕು. ಹೊಸದಾಗಿ ಬಂದ ಸೊಸೆಗೆ ನಮ್ಮೂರಿನಲ್ಲಿ ಮೊದಲು ಕಲಿಸುವುದು ಅಡುಗೆಯನ್ನಲ್ಲ, ಯಾವ ದನಿಗೆ ಏನು ಹೇಳಬೇಕು ಅನ್ನುವುದನ್ನು.

ಅಂಬುಜಾಕ್ಷಮ್ಮನ ಮನೆ ನಮ್ಮ ಮನೆಗೆ ಎದುರು. ಆಕೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು, ಮದುವೆಯಾಗಲಿಲ್ಲ. ರಿಟೈರ್ ಆದ ಮೇಲೆ ಎರಡು ಕಣ್ಣೂ ಹೋದವು. ಆಮೇಲೆ ಬಾಗಿಲು ಸದ್ದಾದರೆ ಸಾಕು, ಒಳಗಿನಿಂದ 'ಯಾರದು?' ಎಂದು ಕೇಳುತ್ತಿದ್ದಳು. ಕೇಳುವ ಧಾಟಿ ಹೇಗಿತ್ತೆಂದರೆ, ಹೆಸರು ಹೇಳದೆ ಇದ್ದರೆ ಲೈನು ಕತ್ತರಿಸಿಬಿಡುತ್ತಾಳೇನೋ ಅನ್ನಿಸುತ್ತಿತ್ತು. ಆಕೆಯನ್ನು ನೋಡಿಕೊಳ್ಳುತ್ತಿದ್ದವಳು ದ್ಯಾವಮ್ಮ. ತಾಯಿ ಸತ್ತ ಮೇಲೆ ಚಿಕ್ಕ ಹುಡುಗಿಯಾಗಿ ಆ ಮನೆಗೆ ಕೆಲಸಕ್ಕೆ ಬಂದವಳು, ಅಲ್ಲೇ ತಲೆ ಬೆಳ್ಳಗಾಯಿತು. ಸ್ನಾನ, ಊಟ, ಔಷಧಿ, ಪೇಪರ್ ಓದಿ ಹೇಳುವುದೊಂದು ಬಿಟ್ಟು ಮಿಕ್ಕಿದ್ದೆಲ್ಲ ಅವಳದೇ. ಪೇಪರ್ ಓದುತ್ತಿದ್ದವನು ನಾನು, ಭಾನುವಾರ ಭಾನುವಾರ. ವಿಲ್ ಬರೆಸಿಬಿಡಿ ಎಂದು ನಾನು ಹೇಳಿದಾಗಲೆಲ್ಲ ಅಂಬುಜಾಕ್ಷಮ್ಮ 'ಈಗ್ಯಾಕೆ ಅವಸರ?' ಎನ್ನುತ್ತಿದ್ದಳು. ಒಂದು ಬೆಳಿಗ್ಗೆ ಕಾಫಿ ಆರುವ ಮೊದಲೇ ಹೋಗಿಬಿಟ್ಟಳು. ತಿಥಿ ಮುಗಿಯುವುದರೊಳಗೆ ದನಿ ಶುರುವಾಯಿತು. ಬಾಗಿಲು ಸದ್ದಾದರೆ 'ಯಾರದು?'

ಮನೆ ಕಾನೂನಿನ ಪ್ರಕಾರ ಬಂದದ್ದು ತಂಗಿಯ ಮಗ ರಂಗಪ್ರಸಾದನಿಗೆ. ಬೇರೆ ಊರಿನಲ್ಲಿ ಟೈರ್ ಅಂಗಡಿ ಇಟ್ಟುಕೊಂಡಿದ್ದ, ಕೆಟ್ಟವನೇನಲ್ಲ. ದೊಡ್ಡಮ್ಮನ ಮನೆ ಮಾರಬೇಕು, ದ್ಯಾವಮ್ಮ ಬಿಟ್ಟುಕೊಡಬೇಕು ಎಂದ. ದ್ಯಾವಮ್ಮನಿಗೆ ಹೋಗಲು ಜಾಗವಿರಲಿಲ್ಲ. ಇಟ್ಟಿಗೆ ಗೂಡಿನಲ್ಲಿ ಕೆಲಸ ಮಾಡುವ ಅಣ್ಣನ ಮಗನೊಬ್ಬನಿದ್ದ, ಅವನ ಗುಡಿಸಲಲ್ಲಿ ಅವನ ಸಂಸಾರವೇ ಹಿಡಿಸುತ್ತಿರಲಿಲ್ಲ. ಎದುರು ಮನೆಯ ವಕೀಲ ಅನ್ನುವ ಕಾರಣಕ್ಕೆ ರಂಗಪ್ರಸಾದ ನನ್ನ ಹತ್ತಿರ ಬಂದ, ನಾನು ವಕಾಲತ್ತು ಹಾಕಿದೆ. ದ್ಯಾವಮ್ಮನ ಪರವಾಗಿ ಜಬ್ಬಾರ್ ಸಾಹೇಬರು ನಿಂತರು. ನೀನು ಹೇಗಯ್ಯಾ ಆ ಹೆಂಗಸನ್ನು ಓಡಿಸಲು ಹೊರಟೆ ಎಂದು ಯಾರಾದರೂ ಕೇಳಬಹುದು. ನಮ್ಮೂರಿನಲ್ಲಿ ಎಲ್ಲ ವಕೀಲರೂ ಯಾರದಾದರೂ ಎದುರು ಮನೆಯವರೇ. ಅದನ್ನೆಲ್ಲ ನೋಡುತ್ತಾ ಕೂತರೆ ಕೋರ್ಟಿಗೆ ಬೀಗ ಹಾಕಬೇಕಾಗುತ್ತದೆ.

ದನಿಗಳಿಗೆಂದೇ ಒಂದು ಕಾಯ್ದೆ ಇದೆ. ದನಿ ಉಳಿದಿರುವ ಮನೆಯಿಂದ, ದನಿ ನಿಲ್ಲುವವರೆಗೆ, ದನಿಗೆ ಸೇರಿದವರನ್ನು ಎಬ್ಬಿಸತಕ್ಕದ್ದಲ್ಲ. ಇಷ್ಟೇ ಅದರ ಮುಖ್ಯ ಕಲಮು. ದನಿಗೆ ಸೇರಿದವರು ಅಂದರೆ ಯಾರು ಅನ್ನುವುದನ್ನು ಕಾಯ್ದೆ ಮಾಡಿದ ಪುಣ್ಯಾತ್ಮರು ಎಲ್ಲೂ ಹೇಳಿಲ್ಲ. ನನ್ನ ವಾದ ಸರಳವಾಗಿತ್ತು. ಸೇರಿದವರು ಅಂದರೆ ನೆಂಟರು, ರಕ್ತಸಂಬಂಧಿಗಳು. ಆ ಮನೆಯಲ್ಲಿ ರಂಗಪ್ರಸಾದನಿಗೆ ರಕ್ಷಣೆ ಇದೆ, ದ್ಯಾವಮ್ಮನಿಗಿಲ್ಲ. ಐದು ನಿಮಿಷದಲ್ಲಿ ಹೇಳಿ ಕೂತೆ.

ಜಬ್ಬಾರ್ ಸಾಹೇಬರು ಎದ್ದು ಕೋಟಿನ ಒಳಗಿನಿಂದ ಒಂದು ಹಳದಿಯಾದ ಪುಸ್ತಿಕೆ ತೆಗೆದರು. ಅದು ಸರ್ಕಾರದ ಧೋರಣಾ ಪತ್ರ. ಕಾಯ್ದೆ ಬರುವ ಹಿಂದಿನ ವರ್ಷ ಸರ್ಕಾರ ದನಿಗಳ ವಿಚಾರದಲ್ಲಿ ತನ್ನ ನಿಲುವು ಏನು, ಏನು ಮಾಡಬೇಕೆಂದಿದೆ ಅನ್ನುವುದನ್ನೆಲ್ಲ ಅದರಲ್ಲಿ ಅಚ್ಚು ಹಾಕಿಸಿತ್ತು. ಕಾಯ್ದೆ ಸುಮ್ಮನಿರುವ ಕಡೆ ಈ ಪತ್ರವನ್ನು ಕೇಳಬೇಕು ಎಂದರು ಸಾಹೇಬರು. ಮೊದಲ ಪುಟದಲ್ಲೇ ಮಂತ್ರಿಗಳ ಮುನ್ನುಡಿ, 'ಅಗಲಿದವರ ದನಿಗೆ ಆಸರೆಯಾದವರಿಗೆ ಸರ್ಕಾರ ಆಸರೆಯಾಗಲಿದೆ.' ಓದಿ ಕನ್ನಡಕ ತೆಗೆದು ಒರೆಸಿಕೊಂಡರು. ಜಬ್ಬಾರ್ ಸಾಹೇಬರಿಗೆ ಬೇಕಾದಾಗ ಕಣ್ಣು ಒದ್ದೆಯಾಗುತ್ತದೆ.

ನನಗೆ ಮೈಯೆಲ್ಲ ಉರಿಯಿತು. ಧೋರಣೆ ಬೇರೆ, ಕಾಯ್ದೆ ಬೇರೆ ಎಂದೆ. ಶಾಸನಸಭೆ ಕೈಯೆತ್ತಿ ಒಪ್ಪಿದ್ದು ಕಾಯ್ದೆಯನ್ನು, ಈ ಪುಸ್ತಿಕೆಯನ್ನಲ್ಲ. ಇದಕ್ಕೆ ರುಜು ಹಾಕಿದವನು ಯಾರೋ ಕಾರ್ಯದರ್ಶಿ. ಸರ್ಕಾರಕ್ಕೆ ಆಸೆಗಳು ಸಾವಿರ ಇರುತ್ತವೆ, ಆಸೆಪಟ್ಟದ್ದೆಲ್ಲ ಕಾನೂನಾಗುವುದಾದರೆ ಚುನಾವಣೆ ಭಾಷಣಗಳನ್ನೂ ಕೋರ್ಟಿನಲ್ಲಿ ಓದಬೇಕಾಗುತ್ತದೆ. ನಾನು ಇಷ್ಟು ಹೇಳುವಷ್ಟರಲ್ಲಿ, ಹಿಂದೆ ಅದೇ ಪೀಠದಲ್ಲಿ ಕೂತು ಕೋರ್ಟನ್ನೇ ಮನೆ ಮಾಡಿಕೊಂಡಿದ್ದ, ಈಗ ತೀರಿಹೋಗಿರುವ ನರಹರಿರಾಯರ ದನಿ ಎಂದಿನಂತೆ 'ಕಾಯ್ದೆ ಓದ್ರಿ, ಕಥೆ ಬೇಡ' ಎಂದಿತು. ಶಿರಸ್ತೇದಾರರು ಪದ್ಧತಿಯಂತೆ ಎದ್ದು 'ಅಪ್ಪಣೆ' ಎಂದರು. ಹಳೆಯ ನ್ಯಾಯಾಧೀಶರೂ ನನ್ನ ಕಡೆಗೇ ಇದ್ದಾರೆ ಎಂದು ನಾನು ಅರಿಕೆ ಮಾಡಿಕೊಂಡೆ. ಸತ್ತವರ ಮಾತು ಪೂರ್ವನಿದರ್ಶನವಾಗುವುದಿಲ್ಲ ಎಂದರು ಜಬ್ಬಾರ್ ಸಾಹೇಬರು. ಅದನ್ನು ಬರೆದುಕೊಳ್ಳಲಾಯಿತು.

ನ್ಯಾಯಾಧೀಶೆ ಕಾತ್ಯಾಯಿನಿಯವರು ಹೊಸದಾಗಿ ವರ್ಗವಾಗಿ ಬಂದವರು. ನಗುವುದೂ ಇಲ್ಲ, ಗದರುವುದೂ ಇಲ್ಲ. ನನ್ನನ್ನು ಒಂದು ಪ್ರಶ್ನೆ ಕೇಳಿದರು. ದನಿಗೆ ಸೇರಿದವರು ಯಾರೆಂದು ಕಾಯ್ದೆಯೇ ಸ್ಪಷ್ಟವಾಗಿ ಹೇಳಿದೆಯೇ? ಹೇಳಿಲ್ಲ ಎಂದೆ. ಹೇಳಿದ್ದರೆ ಈ ಪುಸ್ತಿಕೆಯನ್ನು ಮುಟ್ಟುತ್ತಲೂ ಇರಲಿಲ್ಲ ಎಂದರು. ಮಸೂದೆ ಮಂಡಿಸುವಾಗ ಈ ಧೋರಣಾ ಪತ್ರ ಸಭೆಯ ಮುಂದಿತ್ತೇ ಎಂದು ಸಾಹೇಬರನ್ನು ಕೇಳಿದರು. ಮಸೂದೆಯ ಪೀಠಿಕೆಯಲ್ಲೇ ಪತ್ರದ ಪ್ರಸ್ತಾಪ ಇತ್ತು. ಹಾಗಾದರೆ ಓದೋಣ, ಇದು ಕಾಯ್ದೆ ಅಂತ ಅಲ್ಲ, ಯಾವ ತೊಂದರೆ ನೀಗಿಸಲು ಕಾಯ್ದೆ ಬಂತು ಅಂತ ತಿಳಿಯಲು ಮಾತ್ರ ಎಂದರು.

ನಾನೂ ಬರಿಗೈಯಲ್ಲಿ ಕೂರಲಿಲ್ಲ. ಮುಂದಿನ ವಾಯಿದೆಗೆ ಇಲಾಖೆಯ ಸುತ್ತೋಲೆಯೊಂದನ್ನು ಹುಡುಕಿ ತಂದೆ. ದನಿಗೆ ಸೇರಿದವರು ಅಂದರೆ ರಕ್ತಸಂಬಂಧಿಗಳು ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಧೋರಣೆಯೇ ಬೇಕಾದರೆ ಇದೂ ಸರ್ಕಾರದ ಧೋರಣೆಯೇ ತಾನೆ ಎಂದು ಜಂಬದಿಂದ ಮುಂದಿಟ್ಟೆ. ನ್ಯಾಯಾಧೀಶೆ ತಾರೀಖು ನೋಡಿದರು. ಕಾಯ್ದೆ ಬಂದು ಎಷ್ಟೋ ವರ್ಷದ ಮೇಲೆ ಬರೆದದ್ದು. "ಮದುವೆ ಆದ್ಮೇಲೆ ಅಚ್ಚು ಹಾಕಿಸಿದ ಲಗ್ನಪತ್ರಿಕೆ ಇದು ವಕೀಲರೇ," ಎಂದರು. "ಅವತ್ತು ಸಭೆಯಲ್ಲಿದ್ದವರ ಮನಸ್ಸಲ್ಲಿ ಏನಿತ್ತು ಅಂತ ಇದು ಹೇಳೋಕಾಗಲ್ಲ. ಇಲಾಖೆಗೆ ರಕ್ತಸಂಬಂಧವೇ ಬೇಕು ಅಂದ್ರೆ ಕಾಯ್ದೆ ತಿದ್ದಿಸ್ಲಿ." ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಸುತ್ತೋಲೆಯನ್ನು ಮಡಿಸಿ ಜೇಬಿಗಿಟ್ಟುಕೊಂಡೆ.

ಆಮೇಲೆ ನಡೆದದ್ದು ನನಗೆ ಸ್ವಲ್ಪ ಸಮಾಧಾನ ಕೊಟ್ಟಿತು. ಜಬ್ಬಾರ್ ಸಾಹೇಬರು ಓದಿದ್ದು ಮುನ್ನುಡಿಯನ್ನು ಮಾತ್ರ. ನ್ಯಾಯಾಧೀಶೆ ಇಡೀ ಪುಸ್ತಿಕೆಯನ್ನು ಓದಿಸಿದರು, ಶಿರಸ್ತೇದಾರರ ಗಂಟಲು ಕಟ್ಟಿತು. ಮಂತ್ರಿಗಳ ಆಸರೆ ಮುನ್ನುಡಿಯಲ್ಲೇ ಮುಗಿದಿತ್ತು. ಒಳಗೆಲ್ಲ ಇದ್ದದ್ದು ದೂರುಗಳು. ಬೀಗ ಹಾಕಿದ ಮನೆಗಳಲ್ಲಿ ದನಿಗಳು ಕೂಗಿ ಕೂಗಿ ಪರೀಕ್ಷೆಗೆ ಓದುವ ಮಕ್ಕಳಿಗೆ ತೊಂದರೆ, ಅಂಗಡಿಯವರಿಗೆ ಗಿರಾಕಿಯ ಮಾತು ಕೇಳಿಸುವುದಿಲ್ಲ, ಆಸ್ಪತ್ರೆಯ ಪಕ್ಕದ ಮನೆಯ ದನಿಯೊಂದು 'ಎದ್ದೇಳೋ' ಎಂದು ಕೂಗಿದಾಗಲೆಲ್ಲ ರೋಗಿಗಳು ಎದ್ದು ಕೂರುತ್ತಿದ್ದಾರೆ. ಉತ್ತರ ಕೊಡುವವರನ್ನು ಮನೆಯಿಂದ ಎಬ್ಬಿಸುವುದರಿಂದಲೇ ಇದೆಲ್ಲ ಆಗುತ್ತಿದೆ, ಅವರನ್ನು ಉಳಿಸಿದರೆ ದನಿಗಳು ಬೇಗ ಸವೆದು ಊರು ನಿಶ್ಶಬ್ದವಾಗುತ್ತದೆ. ಸರ್ಕಾರಕ್ಕೆ ಬೇಕಾಗಿದ್ದದ್ದು ಅಷ್ಟೇ. "ಇದು ಮಮತೆಗೆ ಮಾಡಿದ ಕಾಯ್ದೆ ಅಲ್ಲ ಸಾಹೇಬರೇ, ಗಲಾಟೆ ನಿಲ್ಸೋಕೆ ಮಾಡಿದ್ದು," ಎಂದರು ನ್ಯಾಯಾಧೀಶೆ. ಸಾಹೇಬರ ಮುಖ ಹುಳ್ಳಗಾಯಿತು. ನನಗೆ ಒಳಗೊಳಗೇ ಖುಷಿ. ಹಾಗಾದರೆ ಯಾರ ಉತ್ತರಕ್ಕೆ ದನಿ ಸುಮ್ಮನಾಗುತ್ತದೋ ಅವರೇ ದನಿಗೆ ಸೇರಿದವರು, ಸ್ಥಳಕ್ಕೇ ಹೋಗಿ ನೋಡಿಬಿಡೋಣ ಎಂದು ಅರ್ಜಿ ಹಾಕಿದವನು ನಾನೇ. ಹೆತ್ತ ತಾಯಿಯಂಥ ದೊಡ್ಡಮ್ಮ, ಸ್ವಂತ ತಂಗಿಯ ಮಗ. ರಕ್ತಕ್ಕೆ ಮರ್ಯಾದೆ ಕೊಡದ ದನಿಯನ್ನು ನಮ್ಮೂರಿನಲ್ಲಿ ಯಾರೂ ಕಂಡಿರಲಿಲ್ಲ. ಕಾಣದಿದ್ದದ್ದಕ್ಕೆ ಕಾರಣ, ನೆಂಟರನ್ನು ಬಿಟ್ಟು ಮನೆಕೆಲಸದವರನ್ನು ಯಾರೂ ಪರೀಕ್ಷೆ ಮಾಡಿ ನೋಡಿರಲಿಲ್ಲ.

ಸ್ಥಳ ಪರಿಶೀಲನೆಗೆ ಬೀದಿಯ ಜನವೆಲ್ಲ ಸೇರಿತು. ನಡುಮನೆಯಲ್ಲಿ ನ್ಯಾಯಾಧೀಶೆಗೆ ಕುರ್ಚಿ ಹಾಕಿದರು. ಕರೆಯುವವರೆಗೆ ಒಳಗೆ ಬರಕೂಡದು ಎಂದು ದ್ಯಾವಮ್ಮನನ್ನು ಹಿತ್ತಲಿಗೆ ಕಳಿಸಿದ್ದರು. ಕೋರ್ಟಿನ ಅಮೀನ ಮುಂಬಾಗಿಲನ್ನು ಎಳೆದು ಬಡಿದ.

"ಯಾರದು?" ಎಂದಿತು ದನಿ. ಅಷ್ಟು ದಿನ ಎದುರು ಮನೆಯಿಂದ ಕೇಳಿದ್ದೆ, ಒಳಗೆ ನಿಂತು ಕೇಳಿದಾಗ ನಾನೇ ನನ್ನ ಹೆಸರು ಹೇಳಿಬಿಡುವುದರಲ್ಲಿದ್ದೆ. ರಂಗಪ್ರಸಾದ ಕೈಕಟ್ಟಿ ನಿಂತು, ನಾನು ದೊಡ್ಡಮ್ಮ, ರಂಗಪ್ರಸಾದ ಎಂದ. ದನಿ ಮತ್ತೆ ಕೇಳಿತು, ಸ್ವಲ್ಪ ಜೋರಾಗಿ. ಅವನು ತಾಯಿಯ ಹೆಸರು ಹೇಳಿದ. ಮನೆಯಲ್ಲಿ ಕರೆಯುತ್ತಿದ್ದ ಹೆಸರು ಹೇಳಿದ. ಬೇಸಿಗೆ ರಜೆಯಲ್ಲಿ ಬಂದು ರೇಡಿಯೋ ಒಡೆದು ಹಾಕಿದವನು ನಾನೇ ಅಂತಲೂ ಹೇಳಿದ. ದನಿ ಏರುತ್ತಲೇ ಹೋಯಿತು. ಗೂಡಿನಲ್ಲಿದ್ದ ಲೋಟಗಳು ಅದುರಿದವು, ಪಕ್ಕದ ಮನೆಯ ಕೂಸು ಕಿಟಾರನೆ ಕಿರುಚಿಕೊಂಡಿತು. ರಂಗಪ್ರಸಾದನ ಹಣೆಯಲ್ಲಿ ಬೆವರು. ಟೈರ್ ಅಂಗಡಿ ದೊಡ್ಡಮ್ಮ, ಟೈರ್ ಅಂಗಡಿ ಎಂದು ಅಳುವ ದನಿಯಲ್ಲಿ ಹೇಳತೊಡಗಿದ. ಪಾಪ, ಅವನನ್ನು ನೋಡಿ ನನಗೇ ಸಂಕಟವಾಯಿತು.

ಆಗ ಹಿತ್ತಲಿನಿಂದ ದ್ಯಾವಮ್ಮನ ಮಾತು ಕೇಳಿಸಿತು. "ನಾನೇ ಕಣ್ರಮ್ಮ, ದ್ಯಾವಿ."

ದನಿ ಅಲ್ಲಿಗೇ ನಿಂತಿತು. ಲೋಟಗಳೂ ನಿಂತವು. ಸಾಕ್ಷಿಯನ್ನು ಕರೆಯುವ ಮೊದಲೇ ಸಾಕ್ಷಿ ಮಾತಾಡಿದೆ, ಇದನ್ನು ಪರಿಗಣಿಸಕೂಡದು ಎಂದು ನಾನು ಆಕ್ಷೇಪಣೆ ಎತ್ತಿದೆ. ಆಕ್ಷೇಪಣೆಯನ್ನು ದಾಖಲಿಸಿಕೊಂಡಿದ್ದೇವೆ ಎಂದು ನ್ಯಾಯಾಧೀಶೆ ಮೆಲ್ಲಗೆ, ಮತ್ತೆ ದನಿ ಎಬ್ಬಿಸಬಾರದು ಎನ್ನುವ ಹಾಗೆ, ಹೇಳಿದರು.

ತೀರ್ಪು ದ್ಯಾವಮ್ಮನ ಪರವಾಗಿ ಬಂತು. ದನಿ ನಿಲ್ಲುವವರೆಗೆ ಅವಳನ್ನು ಎಬ್ಬಿಸುವಂತಿಲ್ಲ, ದನಿ ಕೇಳಿದಾಗ ಉತ್ತರ ಕೊಡುವುದು ಅವಳ ಹೊಣೆ, ಆ ಹೊಣೆಗಾಗಿಯೇ ಕಾಯ್ದೆ ಅವಳನ್ನು ಕಾಯುತ್ತಿದೆ. ಜಬ್ಬಾರ್ ಸಾಹೇಬರು ಕ್ಯಾಂಟೀನಿನಲ್ಲಿ ಎಲ್ಲರಿಗೂ ಮೈಸೂರು ಪಾಕು ಹಂಚಿದರು. ನಾನು ತೀರ್ಪನ್ನು ಮನೆಗೆ ತಂದು, ಮೇಲ್ಮನವಿಗೆ ಏನಾದರೂ ಸಿಗುತ್ತದೇನೋ ಎಂದು ಎರಡನೇ ಸಲ ಓದುತ್ತಿದ್ದಾಗ ಒಂದು ವಿಷಯ ಹೊಳೆಯಿತು. ಉತ್ತರ ಕೊಟ್ಟಷ್ಟೂ ದನಿ ಸವೆಯುತ್ತದೆ. ದನಿ ಸವೆದರೆ ಮನೆ ಹೋಗುತ್ತದೆ. ಉತ್ತರ ಕೊಡದೆ ಸುಮ್ಮನಿದ್ದರೆ ಅವಳು ದನಿಗೆ ಸೇರಿದವಳೇ ಅಲ್ಲ, ಆಗಲೂ ಮನೆ ಹೋಗುತ್ತದೆ. ಧೋರಣಾ ಪತ್ರ ಬರೆದವರು ಯಾರೋ ಬುದ್ಧಿವಂತರೇ. ಮೇಲ್ಮನವಿ ಬೇಡ, ಕಾದರೆ ಸಾಕು ಎಂದು ರಂಗಪ್ರಸಾದನಿಗೆ ಫೋನ್ ಮಾಡಿ ಹೇಳಿದೆ. ಅವತ್ತು ಊಟ ಸೇರಲಿಲ್ಲ.

ದಾರಿ ಒಂದಿತ್ತು. ಬಾಗಿಲು ಸದ್ದಾದರೆ ತಾನೆ ದನಿ ಕೇಳುವುದು? ಸದ್ದಾಗದಂತೆ ನೋಡಿಕೊಂಡರೆ ಕೇಳುವುದೂ ಇಲ್ಲ, ಸವೆಯುವುದೂ ಇಲ್ಲ, ದ್ಯಾವಮ್ಮ ಬದುಕಿರುವಷ್ಟು ಕಾಲ ಮನೆಯಲ್ಲಿರಬಹುದು. ಕಾನೂನಿಗೆ ಎಲ್ಲೂ ಅಡ್ಡ ಬರುವುದಿಲ್ಲ. ಎದುರು ಪಕ್ಷದ ವಕೀಲ ಆಡುವ ಮಾತಲ್ಲ ಅದು. ಆದರೂ ಒಂದು ಸಂಜೆ ಅವಳು ಬಾಗಿಲ ಮುಂದೆ ಕಸ ಗುಡಿಸುತ್ತಿದ್ದಾಗ ಹೋಗಿ ಹೇಳಿದೆ, ಬಾಗಿಲಿಗೆ ಎಣ್ಣೆ ಬಿಡಿಸು, ಮೆಲ್ಲಗೆ ಹಾಕು, ಯಾಕೆ ಅಂತ ಕೇಳಬೇಡ. ಅವಳು ಪೊರಕೆ ಹಿಡಿದುಕೊಂಡೇ ತಲೆಯಾಡಿಸಿದಳು. ಅರ್ಥವಾಯಿತು ಅಂದುಕೊಂಡೆ.

ಮಾರನೆಯ ದಿನದಿಂದ ಬಾಗಿಲು ಇನ್ನೂ ಜೋರಾಗಿ ಬಡಿದುಕೊಳ್ಳತೊಡಗಿತು. ಬೆಳಿಗ್ಗೆ ನೀರಿಗೆ ಹೋಗುವಾಗ, ಬರುವಾಗ, ಸೊಪ್ಪಿನವಳು ಬಂದಾಗ, ಯಾರೂ ಬಾರದಿದ್ದಾಗಲೂ. ಬಡಿತ, ಆಮೇಲೆ 'ಯಾರದು?', ಆಮೇಲೆ 'ನಾನೇ ಕಣ್ರಮ್ಮ'. ಗೆದ್ದ ಮೇಲೆ ಇವಳಿಗೆ ಕೊಬ್ಬು ಬಂತೇನೋ ಎಂದುಕೊಂಡೆ. ನನ್ನ ಹೆಂಡತಿ ಇಬ್ಬರನ್ನೂ ಬಯ್ದಳು, ಅವಳನ್ನು ಬಾಗಿಲು ಬಡಿಯುವುದಕ್ಕೆ, ನನ್ನನ್ನು ತಲೆಹಾಕಿದ್ದಕ್ಕೆ. ಮಳೆಗಾಲ ಕಳೆಯುವ ಹೊತ್ತಿಗೆ ದನಿ ತೆಳುವಾಗಿತ್ತು. ಇನ್ನೊಂದು ಮಳೆಗಾಲ ಬರುವಷ್ಟರಲ್ಲಿ ಎದುರು ಮನೆಯ ನಮಗೆ ಕೇಳಿಸುತ್ತಲೇ ಇರಲಿಲ್ಲ. ಇದ್ದರೂ ಇರಬಹುದು, ಕೇಳಿಸುತ್ತಿಲ್ಲ ಅಷ್ಟೇ ಎಂದು ರಂಗಪ್ರಸಾದನಿಗೆ ನಾನು ಹೇಳುತ್ತಾ ಬಂದೆ. ಅದು ಸುಳ್ಳೇನಲ್ಲ.

ಒಂದು ದಿನ ದ್ಯಾವಮ್ಮನೇ ನನ್ನ ಆಫೀಸಿಗೆ ಬಂದಳು. ಅಮ್ಮಾವ್ರು ಮೊನ್ನೆಯಿಂದ ಕೇಳ್ತಿಲ್ಲ ಎಂದಳು. ಅದನ್ನು ಬಂದು ಹೇಳಬೇಕಾದ ಅಗತ್ಯ ಅವಳಿಗಿರಲಿಲ್ಲ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೂತ್ಕೊ ಎಂದೆ, ಕೂರಲಿಲ್ಲ. ದನಿ ನಿಂತದ್ದನ್ನು ಕೋರ್ಟೇ ನೋಡಿ ಬರೆದುಕೊಳ್ಳಬೇಕು, ಅಲ್ಲಿಯವರೆಗೆ ಇರಬಹುದು ಎಂದೆ. ಕೋರ್ಟು ಬರುವುದಕ್ಕೆ ಎಷ್ಟು ತಿಂಗಳಾದರೂ ಆಗಬಹುದು ಅಂತಲೂ ಹೇಳಿದೆ. ವಿಧಿಯಿಲ್ಲದೆ ಅರ್ಜಿ ಹಾಕಿದೆ, ಕಾತ್ಯಾಯಿನಿಯವರು ಅದೇ ವಾರ ಬಂದರು.

ಈ ಸಲ ಜನ ಸೇರಲಿಲ್ಲ. ಅದೇ ನಡುಮನೆ, ನ್ಯಾಯಾಧೀಶೆ, ಸಾಹೇಬರು, ನಾನು, ದ್ಯಾವಮ್ಮ. ಅಮೀನ ಬಾಗಿಲು ಬಡಿದ. ಕಾದೆವು. ಇನ್ನೊಂದು ಸಲ ಬಡಿದ. ಜಬ್ಬಾರ್ ಸಾಹೇಬರು ಕೇಳಿಸಿತು ಅನ್ನುವ ಹಾಗೆ ಕಿವಿಗೆ ಕೈ ಹಿಡಿದರು, ಪಾಪ, ಅವರಿಗೂ ಕೇಳಿಸಲಿಲ್ಲ. ಯಾರೂ ಹೇಳದೆ ಮೂರನೇ ಸಲ ನಾನೇ ಹೋಗಿ ಬಡಿದೆ, ಗೋಡೆಯ ಸುಣ್ಣ ಉದುರುವ ಹಾಗೆ. ಏನೂ ಇಲ್ಲ.

ನ್ಯಾಯಾಧೀಶೆ ಬರೆಯುವುದನ್ನು ನಿಲ್ಲಿಸಿ ದ್ಯಾವಮ್ಮನನ್ನು ನೋಡಿದರು. "ಬಾಗಿಲು ಮೆಲ್ಲಗೆ ಹಾಕ್ಕೊಂಡಿದ್ರೆ ಇನ್ನೂ ಎಷ್ಟೋ ವರ್ಷ ಇರ್ತಿತ್ತಲ್ಲಮ್ಮ. ಯಾರೂ ಹೇಳ್ಲಿಲ್ವಾ ನಿಮಗೆ?"

"ಈ ಸ್ವಾಮಿ ಯೋಳಿದ್ರು ತಾಯಿ," ಎಂದು ದ್ಯಾವಮ್ಮ ನನ್ನ ಕಡೆ ಕೈ ತೋರಿಸಿದಳು. ನನ್ನ ಕಕ್ಷಿದಾರ ಅಲ್ಲಿ ಇರಲಿಲ್ಲ, ಬದುಕಿದೆ. "ಬೇಕು ಅಂತ್ಲೇ ಬಡೀತಿದ್ದೆ. ಮೆಲ್ಲುಗ್ ಹಾಕುದ್ರೆ ಮನೆ ಇರ್ತಿತ್ತು, ಸರಿ. ಆದ್ರೆ ಅಮ್ಮಾವ್ರು ಕೇಳ್ತಿರ್ನಿಲ್ವಲ್ಲ. ನಮ್ಮವ್ವ ಸತ್ಮೇಲೆ ನನ್ನ ಯಾರು ಅಂತ ಕೇಳ್ದೋರು ಇವ್ರೊಬ್ರೇಯ. ಕೇಳೋರಿಲ್ದೆ ಬರೀ ಮನೆ ಮಡೀಕಂಡು ಏನ್ ಮಾಡ್ಲಿ?"

ನ್ಯಾಯಾಧೀಶೆ ಅದನ್ನು ದಾಖಲೆಗೆ ತೆಗೆದುಕೊಳ್ಳಲಿಲ್ಲ. ಕೇಸಿಗೆ ಸಂಬಂಧಪಟ್ಟ ಮಾತಲ್ಲ ಅದು, ಕಾಯ್ದೆಯಲ್ಲೂ ಇಲ್ಲ, ಧೋರಣಾ ಪತ್ರದಲ್ಲೂ ಇಲ್ಲ. ದನಿ ನಿಂತಿದೆ ಎಂದು ಬರೆದು ರುಜು ಹಾಕಿದರು. ದ್ಯಾವಮ್ಮ ಬಟ್ಟೆ ಗಂಟು ಮೊದಲೇ ಕಟ್ಟಿಟ್ಟಿದ್ದಳು. ಬೀಗದ ಕೈಯನ್ನು ನನಗೆ ಕೊಟ್ಟಳು, ಈಗ ಗೆದ್ದ ಕಡೆಯ ವಕೀಲನಾದ್ದರಿಂದ ತೆಗೆದುಕೊಂಡೆ. ನನಗೆ ಅಳು ತಡೆಯಲಾಗಲಿಲ್ಲ. ಜಬ್ಬಾರ್ ಸಾಹೇಬರು ಈ ಸಲ ಕನ್ನಡಕ ತೆಗೆಯಲಿಲ್ಲ, ಹಾಕಿಕೊಂಡೇ ಅತ್ತರು. ಅವಳು ಮೆಟ್ಟಿಲಿಳಿದು ಇಟ್ಟಿಗೆ ಗೂಡಿನ ದಾರಿ ಹಿಡಿದಳು, ನಾನು ಬೀಗ ಹಾಕಿಕೊಂಡು ಮನೆಗೆ ಬಂದೆ. ಬೀದಿಯಲ್ಲಿ ಒಂದು ಸದ್ದೂ ಇರಲಿಲ್ಲ.